ಯಾವ ಬಾಗಿಲು, ಯಾವ ಕಾಗದ: ಕರ್ನಾಟಕದ ನಗರವಾಸಿಗಳು ಸಾರ್ವಜನಿಕ ನೆರವು ಪಡೆಯುವ ಬಗೆ

ನಮ್ಮ ಬೀದಿಯ ಹಿರಿಯರೊಬ್ಬರಿಗೆ ಸಂಧ್ಯಾ ಸುರಕ್ಷಾ ಪಿಂಚಣಿ ನಾಲ್ಕು ತಿಂಗಳು ಬಾರದೆ ನಿಂತಿತು. ಅವರು ಮೊದಲು ವಾರ್ಡ್ ಕಚೇರಿಗೆ ಹೋದರು, ಆಮೇಲೆ ಬ್ಯಾಂಕಿಗೆ, ಮತ್ತೆ ವಾರ್ಡ್ ಕಚೇರಿಗೆ. ಆ ಪಿಂಚಣಿ ಕಂದಾಯ ಇಲಾಖೆಯದು, ವಿಚಾರಿಸಬೇಕಾದದ್ದು ನಾಡಕಚೇರಿಯಲ್ಲಿ ಎಂದು ಮೂರನೆಯ ವಾರ ಯಾರೋ ಹೇಳಿದರು. ಅಲ್ಲಿಗೆ ಹೋದ ಮೇಲೆ ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯಾಗಿಲ್ಲವೆಂಬ ಕಾರಣ ಐದು ನಿಮಿಷದಲ್ಲಿ ತಿಳಿಯಿತು. ಈ ಮೂರು ವಾರಗಳಲ್ಲಿ ಯಾರೂ ಅವರೊಡನೆ ಒರಟಾಗಿ ನಡೆದುಕೊಳ್ಳಲಿಲ್ಲ, ಯಾರೂ ಲಂಚ ಕೇಳಲಿಲ್ಲ. ಅವರು ತಟ್ಟಿದ ಬಾಗಿಲು ತಪ್ಪಾಗಿತ್ತು, ಅಷ್ಟೇ. ಮೂರು ಬಾರಿಯೂ ಮಾತಿನಲ್ಲೇ ಕೇಳಿ ಮಾತಿನಲ್ಲೇ ಉತ್ತರ ಪಡೆದು ಬಂದಿದ್ದರಿಂದ ಅವರು ಹೋಗಿದ್ದರೆಂಬುದಕ್ಕೆ ಎಲ್ಲಿಯೂ ಗುರುತು ಉಳಿಯಲಿಲ್ಲ.

ನಗರದಲ್ಲಿ ನೆರವು ಇಲ್ಲವೆಂದು ಹೇಳುವವರ ಪೈಕಿ ಬಹಳಷ್ಟು ಮಂದಿ ಸಿಕ್ಕಿಬಿದ್ದಿರುವುದು ಈ ಎರಡು ತೊಡಕುಗಳಲ್ಲಿಯೇ. ಹಳ್ಳಿಯಲ್ಲಿ ಗ್ರಾಮ ಪಂಚಾಯಿತಿಯೆಂಬ ಒಂದು ಕಟ್ಟಡಕ್ಕೆ ಹೋದರೆ ಮುಂದಿನ ದಾರಿಯನ್ನಾದರೂ ತೋರಿಸುವವರು ಸಿಗುತ್ತಾರೆ. ನಗರದಲ್ಲಿ ಕಸ ಒಂದು ಸಂಸ್ಥೆಗೆ, ವಿದ್ಯುತ್ತು ಇನ್ನೊಂದಕ್ಕೆ, ಪಿಂಚಣಿ ಮತ್ತೊಂದು ಇಲಾಖೆಗೆ, ಅಂಗನವಾಡಿ ಬೇರೆಯೇ ಇಲಾಖೆಗೆ ಸೇರಿರುತ್ತವೆ. ಒಬ್ಬರ ಕೆಲಸ ಇನ್ನೊಬ್ಬರಿಗೆ ತಿಳಿದಿರಬೇಕೆಂಬ ನಿಯಮವೂ ಇಲ್ಲ. ಆದ್ದರಿಂದ ಈ ಬರಹದಲ್ಲಿ ಯಾವ ತೊಂದರೆಗೆ ಯಾವ ಬಾಗಿಲು ಎಂಬುದನ್ನೂ, ಅಲ್ಲಿಂದ ಹಿಂದಿರುಗುವಾಗ ಕೈಯಲ್ಲಿ ಯಾವ ಕಾಗದವಿರಬೇಕು ಎಂಬುದನ್ನೂ ಒಟ್ಟಿಗೇ ಹೇಳಲಾಗಿದೆ.

ತೊಂದರೆ ಬರುವ ಮೊದಲು ಮಾಡಿಕೊಳ್ಳಬೇಕಾದ ಕೆಲಸ

ಮೊದಲು ನಿಮ್ಮ ಮನೆ ಯಾವ ವಾರ್ಡಿನಲ್ಲಿದೆ ಎಂಬುದನ್ನು ಆಸ್ತಿ ತೆರಿಗೆಯ ರಸೀದಿಯಲ್ಲಿಯೋ ಪಾಲಿಕೆಯ ಜಾಲತಾಣದಲ್ಲಿಯೋ ನೋಡಿ ಬರೆದಿಟ್ಟುಕೊಳ್ಳಿ. ಬಾಡಿಗೆ ಮನೆಯಲ್ಲಿರುವವರು ಮಾಲೀಕರನ್ನು ಕೇಳಬಹುದು. ಬೆಂಗಳೂರಿನವರಿಗೆ ಇನ್ನೊಂದು ಹೆಜ್ಜೆ ಹೆಚ್ಚು: 2025ರ ಸೆಪ್ಟೆಂಬರ್‌ನಲ್ಲಿ ಹಳೆಯ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ ಜಾಗದಲ್ಲಿ ಕೇಂದ್ರ, ಉತ್ತರ, ದಕ್ಷಿಣ, ಪೂರ್ವ ಮತ್ತು ಪಶ್ಚಿಮ ಎಂಬ ಐದು ನಗರ ಪಾಲಿಕೆಗಳು ಬಂದಿರುವುದರಿಂದ, ತಮ್ಮ ಬಡಾವಣೆ ಇವುಗಳಲ್ಲಿ ಯಾವುದಕ್ಕೆ ಸೇರಿದೆ ಎಂಬುದನ್ನು ತಿಳಿದ ಮೇಲೆಯೇ ವಾರ್ಡ್ ಕಚೇರಿಯ ವಿಳಾಸ ಹುಡುಕಬೇಕು.

ಬಳಿಕ ಹತ್ತಿರದ ನಗರ ಪ್ರಾಥಮಿಕ ಆರೋಗ್ಯ ಕೇಂದ್ರ ಅಥವಾ ಸರ್ಕಾರದ ‘ನಮ್ಮ ಕ್ಲಿನಿಕ್’, ಅಂಗನವಾಡಿ, ನಾಡಕಚೇರಿ, ಪೊಲೀಸ್ ಠಾಣೆ ಮತ್ತು ಸಾರ್ವಜನಿಕ ಗ್ರಂಥಾಲಯ ಎಲ್ಲಿವೆ ಎಂಬುದನ್ನು ಒಂದು ಭಾನುವಾರ ಕಾಲ್ನಡಿಗೆಯಲ್ಲಿಯೇ ಹೋಗಿ ನೋಡಿಕೊಂಡು ಬನ್ನಿ. ನಕ್ಷೆಯಲ್ಲಿ ನೋಡುವುದಕ್ಕೂ ಫಲಕದ ಮೇಲಿನ ಸಮಯ, ವೈದ್ಯರು ಬರುವ ದಿನ, ಮೇಲಧಿಕಾರಿಯ ದೂರವಾಣಿ ಸಂಖ್ಯೆಗಳನ್ನು ಕಣ್ಣಾರೆ ಓದಿ ಬರುವುದಕ್ಕೂ ಬಹಳ ಅಂತರವಿದೆ.

ಕಟ್ಟಡಗಳಿಗಿಂತಲೂ ಪರಿಚಯ ಮಾಡಿಕೊಳ್ಳಬೇಕಾದವರು ಇಬ್ಬರು: ಆಶಾ ಕಾರ್ಯಕರ್ತೆ ಮತ್ತು ಅಂಗನವಾಡಿ ಕಾರ್ಯಕರ್ತೆ. 2013ರಲ್ಲಿ ಬಂದ ರಾಷ್ಟ್ರೀಯ ನಗರ ಆರೋಗ್ಯ ಅಭಿಯಾನದ ಪ್ರಕಾರ ಸುಮಾರು 200ರಿಂದ 500 ಮನೆಗಳಿಗೆ ಒಬ್ಬ ಆಶಾ, ಸುಮಾರು 50,000 ಜನಸಂಖ್ಯೆಗೆ ಒಂದು ನಗರ ಪ್ರಾಥಮಿಕ ಆರೋಗ್ಯ ಕೇಂದ್ರ ಇರಬೇಕು. ಬಡವರ ಬಡಾವಣೆಗಳಲ್ಲಿ ಈ ಕಾರ್ಯಕರ್ತೆಯರನ್ನು ಎಲ್ಲರೂ ಬಲ್ಲರು. ಅಪಾರ್ಟ್‌ಮೆಂಟುಗಳಲ್ಲಿ ಮಾತ್ರ ಕಾವಲುಗಾರರೇ ಅವರನ್ನು ಗೇಟಿನಿಂದ ಹಿಂದಕ್ಕೆ ಕಳುಹಿಸುವುದನ್ನು ನಾನು ಕಂಡಿದ್ದೇನೆ. ಗರ್ಭಿಣಿಯ ತಾಯಿ ಕಾರ್ಡ್, ಮಗುವಿನ ಲಸಿಕೆ, ಕ್ಷಯದ ಪರೀಕ್ಷೆ ಇವುಗಳಿಗೆ ಯಾವಾಗ, ಎಲ್ಲಿಗೆ ಹೋಗಬೇಕೆಂಬುದು ಅವರಿಗೆ ಬಾಯಿಪಾಠವಾಗಿರುತ್ತದೆ. ಆರು ವರ್ಷದೊಳಗಿನ ಮಕ್ಕಳಿಗೆ, ಗರ್ಭಿಣಿಯರಿಗೆ, ಬಾಣಂತಿಯರಿಗೆ ಪೂರಕ ಪೌಷ್ಟಿಕ ಆಹಾರ ಒದಗಿಸುವ ಅಂಗನವಾಡಿ ವ್ಯವಸ್ಥೆ 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಪ್ರಾಯೋಗಿಕವಾಗಿ ಆರಂಭವಾದಾಗ ನಮ್ಮ ತಿರುಮಕೂಡಲು ನರಸೀಪುರವೂ ಆ ಪಟ್ಟಿಯಲ್ಲಿತ್ತು. ಇಷ್ಟು ಹಳೆಯ ಸೇವೆಯನ್ನು ನಗರದ ಮಧ್ಯಮ ವರ್ಗದವರು ತಮಗೆ ಸಂಬಂಧಿಸಿದ್ದಲ್ಲವೆಂದು ಬಿಟ್ಟುಬಿಟ್ಟಿದ್ದಾರೆ.

ಫೋನಿನಲ್ಲಿ ಉಳಿಸಿಕೊಳ್ಳಬೇಕಾದ ಸಂಖ್ಯೆಗಳು

ಪೊಲೀಸ್, ಅಗ್ನಿಶಾಮಕ ದಳ, ವೈದ್ಯಕೀಯ ತುರ್ತು ಇವೆಲ್ಲಕ್ಕೂ 112 ಒಂದೇ ಸಾಕು. ಆಂಬುಲೆನ್ಸಿಗೆ 2008ರಿಂದ ನಡೆದುಬಂದಿರುವ 108 ಕೂಡ ಇದೆ; ಎರಡೂ ಉಚಿತ. ಮಕ್ಕಳ ರಕ್ಷಣೆಗೆ 1098, ಮಹಿಳೆಯರಿಗೆ 181, ಹಿರಿಯ ನಾಗರಿಕರಿಗೆ 14567, ಉಚಿತ ಕಾನೂನು ನೆರವಿಗೆ 15100, ವಿದ್ಯುತ್ ದೂರಿಗೆ 1912, ಬೆಂಗಳೂರಿನ ಜಲಮಂಡಳಿಗೆ 1916, ಗ್ರಾಹಕರ ದೂರಿಗೆ 1915. ಯಾವ ಇಲಾಖೆಯೆಂದೇ ತಿಳಿಯದಿದ್ದಾಗ ರಾಜ್ಯ ಸರ್ಕಾರದ ಜನಸ್ಪಂದನ ಸಹಾಯವಾಣಿ 1902ಕ್ಕೆ ಕರೆ ಮಾಡಿದರೆ ದೂರನ್ನು ದಾಖಲಿಸಿಕೊಂಡು ಸಂಬಂಧಪಟ್ಟ ಇಲಾಖೆಗೆ ಕಳುಹಿಸುತ್ತಾರೆ.

ಇವುಗಳಲ್ಲಿ ಎರಡರ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. ಆನ್‌ಲೈನ್ ವಂಚನೆಯಲ್ಲಿ ಹಣ ಹೋದೊಡನೆ 1930ಕ್ಕೆ ಕರೆ ಮಾಡಬೇಕು. ಠಾಣೆಗೆ ಹೋಗುವುದು, ಮನೆಯವರಿಗೆ ತಿಳಿಸುವುದು ಎಲ್ಲವೂ ಆಮೇಲೆ. ವಂಚಕರು ಹಣವನ್ನು ಒಂದು ಖಾತೆಯಿಂದ ಇನ್ನೊಂದಕ್ಕೆ ಸಾಗಿಸುವ ಮೊದಲೇ ಬ್ಯಾಂಕುಗಳಿಗೆ ಸೂಚನೆ ಹೋದರೆ ಆ ಮೊತ್ತವನ್ನು ತಡೆಹಿಡಿಯಬಹುದು, ಆದ್ದರಿಂದ ಇಲ್ಲಿ ನಿಮಿಷಗಳೇ ಲೆಕ್ಕಕ್ಕೆ ಬರುತ್ತವೆ. ನಾಚಿಕೆಯಿಂದ ಒಂದು ರಾತ್ರಿ ಸುಮ್ಮನಿದ್ದವರು ಕಳೆದುಕೊಳ್ಳುವುದು ಆ ಅವಕಾಶವನ್ನು.

ಇನ್ನೊಂದು, 14416. ಇದು ಟೆಲಿ ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿ. 2022ರ ಅಕ್ಟೋಬರ್ 10ರಂದು ಆರಂಭವಾದ ಈ ಸೇವೆಗೆ ದೇಶಮಟ್ಟದ ಮೇಲುಸ್ತುವಾರಿ ಕೇಂದ್ರವಾಗಿರುವುದು ಬೆಂಗಳೂರಿನ ನಿಮ್ಹಾನ್ಸ್. ಹಗಲು ರಾತ್ರಿ ಯಾವಾಗ ಬೇಕಾದರೂ ಕನ್ನಡದಲ್ಲಿಯೇ ಮಾತನಾಡಬಹುದು, ಶುಲ್ಕವಿಲ್ಲ. ನಿದ್ರೆ ಬಾರದಿರುವುದು, ಪರೀಕ್ಷೆಯ ಭಯ, ಮನೆಯಲ್ಲಿ ಕುಡಿತ, ಬದುಕು ಸಾಕೆನಿಸುವುದು ಇವುಗಳಲ್ಲಿ ಯಾವುದಕ್ಕಾದರೂ ಕರೆ ಮಾಡಬಹುದು. ಬೇಕಾದಾಗ ಹತ್ತಿರದ ಆಸ್ಪತ್ರೆಗೂ ಅವರೇ ದಾರಿ ತೋರಿಸುತ್ತಾರೆ. ರೋಗಿಯೇ ಕರೆ ಮಾಡಬೇಕೆಂದಿಲ್ಲ, ನೋಡಿಕೊಳ್ಳುತ್ತಿರುವವರೂ ಮಾಡಬಹುದು.

ಯಾವ ಸಹಾಯವಾಣಿಗೆ ಕರೆ ಮಾಡಿದರೂ ದೂರಿನ ಸಂಖ್ಯೆ ಕೇಳಿ, ದಿನಾಂಕದೊಂದಿಗೆ ಬರೆದುಕೊಳ್ಳಿ. ಆ ಸಂಖ್ಯೆಯಿಲ್ಲದೆ ಎರಡನೆಯ ಬಾರಿ ಕರೆ ಮಾಡಿದರೆ ಕಥೆಯನ್ನು ಮೊದಲಿನಿಂದ ಹೇಳಬೇಕಾಗುತ್ತದೆ.

ಅರ್ಜಿ ಕೊಟ್ಟು ಬರುವುದಲ್ಲ, ಸ್ವೀಕೃತಿ ಪಡೆದು ಬರುವುದು

ಆದಾಯ ಪ್ರಮಾಣಪತ್ರ, ಜಾತಿ ಪ್ರಮಾಣಪತ್ರ, ಪಿಂಚಣಿ, ಖಾತಾ, ಜನನ ಮತ್ತು ಮರಣ ಪ್ರಮಾಣಪತ್ರ ಮೊದಲಾದ ನೂರಾರು ಸೇವೆಗಳಿಗೆ ಕರ್ನಾಟಕದಲ್ಲಿ ಕಾಲಮಿತಿ ನಿಗದಿಯಾಗಿದೆ. 2011ರ ನಾಗರಿಕರಿಗೆ ಸೇವೆಗಳ ಖಾತರಿ ಅಧಿನಿಯಮ 2012ರ ಏಪ್ರಿಲ್‌ನಿಂದ ರಾಜ್ಯದಾದ್ಯಂತ ಜಾರಿಯಲ್ಲಿದೆ. ಜನರ ಬಾಯಲ್ಲಿ ಇದು ಸಕಾಲ. ಈ ಕಾಯ್ದೆಯಡಿ ಅರ್ಜಿ ಸಲ್ಲಿಸಿದ ಪ್ರತಿಯೊಬ್ಬರಿಗೂ 15 ಅಂಕಿಗಳ ಸಂಖ್ಯೆಯಿರುವ ಸ್ವೀಕೃತಿ ಕೊಡಬೇಕು. ಅರ್ಜಿ ಎಲ್ಲಿಯವರೆಗೆ ಬಂದಿದೆ ಎಂಬುದನ್ನು ಆ ಸಂಖ್ಯೆಯಿಂದ ನೋಡಬಹುದು. ಗಡುವು ಮೀರಿದರೆ ದಿನಕ್ಕೆ 20 ರೂಪಾಯಿಯಂತೆ, ಗರಿಷ್ಠ 500 ರೂಪಾಯಿವರೆಗೆ ಪರಿಹಾರ ಕೇಳುವ ಹಕ್ಕು ಅರ್ಜಿದಾರರಿಗಿದೆ.

20 ರೂಪಾಯಿ ದೊಡ್ಡ ಮೊತ್ತವಲ್ಲ, ನಿಜ. ಆದರೆ ಆ ಪರಿಹಾರ ವಿಳಂಬ ಮಾಡಿದ ಅಧಿಕಾರಿಯಿಂದಲೇ ವಸೂಲಾಗುವಂಥದ್ದು. ಗಡುವು ಮೀರಿದರೂ ಅರ್ಜಿ ತಿರಸ್ಕೃತವಾದರೂ ಸಕ್ಷಮ ಅಧಿಕಾರಿಗೆ ಮೇಲ್ಮನವಿ ಸಲ್ಲಿಸುವ ದಾರಿಯಿದೆ. ನನ್ನ ಅನುಭವದಲ್ಲಿ ಪರಿಹಾರದ ಹಣಕ್ಕಿಂತ ‘ಮೇಲ್ಮನವಿ ಹಾಕುತ್ತೇನೆ, ಸಕಾಲ ಸಂಖ್ಯೆ ಇಲ್ಲಿದೆ’ ಎಂಬ ವಿನಯದ ಮಾತೇ ಹೆಚ್ಚು ಕೆಲಸ ಮಾಡಿದೆ. ಆದ್ದರಿಂದಲೇ ‘ಇಟ್ಟು ಹೋಗಿ, ನೋಡುತ್ತೇವೆ’ ಎಂದವರ ಮೇಜಿನ ಮೇಲೆ ಅರ್ಜಿಯನ್ನು ಬಿಟ್ಟುಬರಬಾರದು. ಸಕಾಲಕ್ಕೆ ಒಳಪಡದ ಮನವಿಯಾದರೆ ಎರಡು ಪ್ರತಿ ಬರೆದು, ನಿಮ್ಮ ಪ್ರತಿಯ ಮೇಲೆ ಕಚೇರಿಯ ಮೊಹರು, ದಿನಾಂಕ, ಸಹಿ ಹಾಕಿಸಿಕೊಳ್ಳಿ. ಮೊಹರು ಹಾಕಲು ಒಪ್ಪದಿದ್ದರೆ ಅದೇ ಮನವಿಯನ್ನು ಸ್ಪೀಡ್ ಪೋಸ್ಟ್‌ನಲ್ಲಿ ಕಳುಹಿಸಿ ರಸೀದಿ ಇಟ್ಟುಕೊಳ್ಳಬಹುದು.

ಈ ಅರ್ಜಿಗಳನ್ನು ಸೇವಾ ಸಿಂಧು ಜಾಲತಾಣದಲ್ಲಿಯೂ, ಬೆಂಗಳೂರು ಒನ್ ಮತ್ತು ಕರ್ನಾಟಕ ಒನ್ ಕೇಂದ್ರಗಳಲ್ಲಿಯೂ, ನಾಡಕಚೇರಿಯಲ್ಲಿಯೂ ಸಲ್ಲಿಸಬಹುದು. ಕಚೇರಿಯ ಹೊರಗೆ ನಿಂತ ಮಧ್ಯವರ್ತಿಯ ಕೈಗೆ ಆಧಾರ್ ಪ್ರತಿ ಮತ್ತು ಒಟಿಪಿ ಒಪ್ಪಿಸುವುದಕ್ಕಿಂತ ನಿಗದಿತ ಸೇವಾ ಶುಲ್ಕ ಕೊಟ್ಟು ಈ ಕೇಂದ್ರಗಳಲ್ಲಿ ಅರ್ಜಿ ಹಾಕುವುದು ಎಲ್ಲ ರೀತಿಯಲ್ಲಿಯೂ ಮೇಲು. ಆದಾಯ ಪ್ರಮಾಣಪತ್ರ ಐದು ವರ್ಷ ಚಾಲ್ತಿಯಲ್ಲಿರುತ್ತದೆ. ಮಕ್ಕಳ ವಿದ್ಯಾರ್ಥಿವೇತನ, ವಸತಿ ಯೋಜನೆ, ಪಿಂಚಣಿ ಎಲ್ಲಕ್ಕೂ ಅದನ್ನೇ ಕೇಳುವುದರಿಂದ ಅವಧಿ ಮುಗಿಯುವ ದಿನವನ್ನು ಗುರುತು ಹಾಕಿಟ್ಟುಕೊಂಡರೆ ಜೂನ್ ತಿಂಗಳ ನೂಕುನುಗ್ಗಲಿನಲ್ಲಿ ನಿಲ್ಲಬೇಕಾಗುವುದಿಲ್ಲ.

ಆಸ್ಪತ್ರೆಯ ವಿಷಯದಲ್ಲಿ ಶಿಫಾರಸು ಪತ್ರ

ಜ್ವರ, ಸಕ್ಕರೆ ಕಾಯಿಲೆ, ರಕ್ತದೊತ್ತಡದಂಥ ದಿನನಿತ್ಯದ ತೊಂದರೆಗಳಿಗೆ 2022ರಲ್ಲಿ ಆರಂಭವಾದ ನಮ್ಮ ಕ್ಲಿನಿಕ್‌ಗಳು ಸಾಕು. ತಪಾಸಣೆಯೂ ಔಷಧಿಯೂ ಅಲ್ಲಿ ಉಚಿತ. ದೊಡ್ಡ ಚಿಕಿತ್ಸೆಗೆ 2018ರಿಂದ ಇರುವ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ರಕ್ಷಣೆಯಿದೆ. ಎಪಿಎಲ್ ಕುಟುಂಬಗಳಿಗೂ ನಿಗದಿತ ದರದ ಶೇಕಡಾ 30ರಷ್ಟನ್ನು, ವರ್ಷಕ್ಕೆ 1.5 ಲಕ್ಷದ ಮಿತಿಯಲ್ಲಿ ಸರ್ಕಾರ ಭರಿಸುತ್ತದೆ. ಇದು ಅನೇಕರಿಗೆ ತಿಳಿದೇ ಇಲ್ಲ.

ಜನರು ಎಡವುವುದು ಒಂದೇ ಕಡೆ. ತುರ್ತು ಅಲ್ಲದ ಚಿಕಿತ್ಸೆಗೆ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಬೇಕು. ಅಲ್ಲಿ ಆ ಚಿಕಿತ್ಸೆಗೆ ಅವಕಾಶವಿಲ್ಲದಿದ್ದರೆ ಅವರೇ ಶಿಫಾರಸು ಪತ್ರ ಕೊಡುತ್ತಾರೆ, ಅದರೊಡನೆ ನೋಂದಾಯಿತ ಖಾಸಗಿ ಆಸ್ಪತ್ರೆಗೆ ಹೋಗಬೇಕು. ಮೊದಲೇ ಖಾಸಗಿ ಆಸ್ಪತ್ರೆಯಲ್ಲಿ ದಾಖಲಾಗಿ, ಮುಂಗಡ ಕಟ್ಟಿ, ಆಮೇಲೆ ಕಾರ್ಡ್ ತೋರಿಸಿದರೆ ಬಹುಮಟ್ಟಿಗೆ ಪ್ರಯೋಜನವಾಗುವುದಿಲ್ಲ. ಯೋಜನೆಯಲ್ಲಿರುವ ಆಸ್ಪತ್ರೆಗಳಲ್ಲಿ ಆರೋಗ್ಯ ಮಿತ್ರ ಎಂಬ ಸಿಬ್ಬಂದಿಯಿರುತ್ತಾರೆ; ಬಿಲ್ಲಿನ ಕೌಂಟರಿಗೆ ಹೋಗುವ ಮೊದಲು ಅವರನ್ನು ಕಾಣಿ.

ಅಂಗವಿಕಲರ ವಿಷಯದಲ್ಲಿ ಎಲ್ಲ ಸೌಲಭ್ಯಗಳಿಗೂ ಮೂಲವಾದದ್ದು ಯುಡಿಐಡಿ ಕಾರ್ಡ್, ಅಂದರೆ ಅಂಗವಿಕಲರ ವಿಶಿಷ್ಟ ಗುರುತಿನ ಚೀಟಿ. 2016ರ ಕಾಯ್ದೆ 21 ಬಗೆಯ ಅಂಗವಿಕಲತೆಗಳನ್ನು ಗುರುತಿಸಿರುವುದರಿಂದ ಆಟಿಸಂ, ಥಲಸ್ಸೇಮಿಯಾ, ಪಾರ್ಕಿನ್‌ಸನ್ ಕಾಯಿಲೆಯವರೂ ಅರ್ಜಿ ಹಾಕಬಹುದು. ನಗರ ಸ್ಥಳೀಯ ಸಂಸ್ಥೆಗಳಲ್ಲಿ ನಗರ ಪುನರ್ವಸತಿ ಕಾರ್ಯಕರ್ತರೆಂಬವರು ಈ ಕೆಲಸಕ್ಕೆಂದೇ ನೇಮಕಗೊಂಡಿರುತ್ತಾರೆ, ಅವರೂ ಬಹುಮಟ್ಟಿಗೆ ಅಂಗವಿಕಲರೇ. ಅರ್ಜಿ ತುಂಬುವುದರಿಂದ ಹಿಡಿದು ವೈದ್ಯಕೀಯ ಮಂಡಳಿಯ ದಿನಾಂಕ ತಿಳಿಸುವವರೆಗೆ ಸಹಾಯ ಮಾಡುತ್ತಾರೆ.

ವಕೀಲರಿಗೆ ಹಣವಿಲ್ಲದಾಗ

ನಗರವಾಸಿಗಳು ಅತ್ಯಂತ ಕಡಿಮೆ ಬಳಸುವ, ಆದರೆ ಅತ್ಯಂತ ಬಲವಾದ ನೆರವು ಇದೆಂಬುದು ನನ್ನ ಅಭಿಪ್ರಾಯ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಂತೆ ಪ್ರತಿ ಜಿಲ್ಲಾ ನ್ಯಾಯಾಲಯದ ಆವರಣದಲ್ಲಿ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರ, ತಾಲ್ಲೂಕು ನ್ಯಾಯಾಲಯದಲ್ಲಿ ತಾಲ್ಲೂಕು ಸಮಿತಿ ಇವೆ. ರಾಜ್ಯ ಪ್ರಾಧಿಕಾರ ಬೆಂಗಳೂರಿನ ನ್ಯಾಯ ದೇಗುಲದಲ್ಲಿದೆ. ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಕೈಗಾರಿಕಾ ಕಾರ್ಮಿಕರು, ಬಂಧನದಲ್ಲಿರುವವರು, ಮಾನವ ಕಳ್ಳಸಾಗಣೆಗೆ ಅಥವಾ ವಿಪತ್ತಿಗೆ ಸಿಲುಕಿದವರು ಇವರೆಲ್ಲರೂ ಆದಾಯ ಎಷ್ಟೇ ಇರಲಿ ಉಚಿತ ವಕೀಲರಿಗೆ ಅರ್ಹರು. ಉಳಿದವರಿಗೆ ಆದಾಯದ ಮಿತಿಯಿದೆ. ಅಂದರೆ ಸಂಬಳ ತರುವ ಮಹಿಳೆಯೂ ತನ್ನ ಜೀವನಾಂಶದ ಪ್ರಕರಣಕ್ಕೆ ಇಲ್ಲಿ ವಕೀಲರನ್ನು ಕೇಳಬಹುದು.

ವಿಧಾನ ಸರಳವಾದದ್ದು. ಹೆಸರು, ವಿಳಾಸ, ತಾನು ಯಾವ ವರ್ಗಕ್ಕೆ ಸೇರಿದವರು, ತೊಂದರೆ ಏನು, ಈಗಾಗಲೇ ಪ್ರಕರಣವಿದ್ದರೆ ಅದರ ಸಂಖ್ಯೆ ಇಷ್ಟನ್ನು ಬಿಳಿ ಹಾಳೆಯಲ್ಲಿ ಕನ್ನಡದಲ್ಲಿ ಬರೆದು, ಗುರುತಿನ ಚೀಟಿಯ ಪ್ರತಿಯೊಡನೆ ಕೊಟ್ಟರೆ ಸಾಕು. ಬರೆಯಲು ಬಾರದವರ ಮಾತನ್ನು ಅಲ್ಲಿಯ ಅರೆಕಾನೂನು ಸ್ವಯಂಸೇವಕರು ಬರೆದುಕೊಳ್ಳುತ್ತಾರೆ. ನೇಮಕವಾದ ವಕೀಲರಿಗೆ ಪ್ರಾಧಿಕಾರವೇ ಶುಲ್ಕ ಕೊಡುವುದರಿಂದ ಅವರು ಕಕ್ಷಿದಾರರಿಂದ ಹಣ ಕೇಳುವಂತಿಲ್ಲ. ಕೇಳಿದರೆ ಅದೇ ಕಚೇರಿಯ ಸದಸ್ಯ ಕಾರ್ಯದರ್ಶಿಯವರಿಗೆ ದೂರು ಕೊಡಬಹುದು.

ಎಲ್ಲ ಜಗಳಕ್ಕೂ ಮೊಕದ್ದಮೆ ಬೇಕಿಲ್ಲ. ಇದೇ ಪ್ರಾಧಿಕಾರ ನಡೆಸುವ ಲೋಕ ಅದಾಲತ್‌ನಲ್ಲಿ ರಾಜಿಯಾದರೆ ನ್ಯಾಯಾಲಯದಲ್ಲಿ ಕಟ್ಟಿದ್ದ ಶುಲ್ಕ ವಾಪಸು ಬರುತ್ತದೆ, ಆ ತೀರ್ಮಾನಕ್ಕೆ ಮೇಲ್ಮನವಿಯಿಲ್ಲ. ಮೇಲ್ಮನವಿಯಿಲ್ಲವೆಂಬುದು ಅನುಕೂಲವೂ ಹೌದು, ಎಚ್ಚರಿಕೆಯೂ ಹೌದು: ಒಪ್ಪಂದದ ಷರತ್ತುಗಳನ್ನು ಪೂರ್ತಿ ಓದಿಸಿಕೊಂಡು ಕೇಳಿದ ಮೇಲೆಯೇ ಸಹಿ ಹಾಕಬೇಕು. ನೀರು, ವಿದ್ಯುತ್ತು, ಸಾರಿಗೆ, ಅಂಚೆ, ಆಸ್ಪತ್ರೆ, ವಿಮೆಯಂಥ ಸೇವೆಗಳ ವಿರುದ್ಧದ ತಕರಾರಿಗೆ ಕಾಯಂ ಲೋಕ ಅದಾಲತ್ ಎಂಬ ಬೇರೆ ವ್ಯವಸ್ಥೆಯಿದೆ. ಅಲ್ಲಿ ರಾಜಿ ಮುರಿದುಬಿದ್ದರೆ ಅವರೇ ತೀರ್ಪು ಕೊಡಬಲ್ಲರು. ಅಂಗಡಿ ಅಥವಾ ಕಂಪನಿಯೊಂದರ ವಸ್ತುವಿನ ಬಗ್ಗೆ ದೂರಿದ್ದರೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಬಹುದು. ಕೊಟ್ಟ ಬೆಲೆ 5 ಲಕ್ಷ ರೂಪಾಯಿ ಮೀರದಿದ್ದರೆ ದೂರಿಗೆ ಶುಲ್ಕವಿಲ್ಲ.

ಮನೆಯೊಳಗಿನ ತೊಂದರೆಗಳು

ಹೆಂಡತಿಗೆ ಹೊಡೆಯುವ ಸದ್ದು ಪಕ್ಕದ ಮನೆಗೆ ಕೇಳಿಸಿದರೂ ‘ಅವರ ಮನೆ ವಿಷಯ’ ಎಂದು ಬಾಗಿಲು ಹಾಕಿಕೊಳ್ಳುವವರು ತಿಳಿಯಬೇಕಾದ ಒಂದು ಮಾತಿದೆ. 2005ರ ಕೌಟುಂಬಿಕ ಹಿಂಸೆ ಕಾಯ್ದೆಯಂತೆ ಯಾರು ಬೇಕಾದರೂ ಸಂರಕ್ಷಣಾಧಿಕಾರಿಗೆ ಮಾಹಿತಿ ಕೊಡಬಹುದು, ಸದುದ್ದೇಶದಿಂದ ಕೊಟ್ಟವರ ಮೇಲೆ ಯಾವ ಹೊಣೆಯೂ ಬರುವುದಿಲ್ಲ. ಕರ್ನಾಟಕದಲ್ಲಿ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳೇ ಸಂರಕ್ಷಣಾಧಿಕಾರಿಗಳು. ಅವರ ಕಚೇರಿ ಎಲ್ಲಿದೆಯೆಂದು ಅಂಗನವಾಡಿ ಕಾರ್ಯಕರ್ತೆ ಹೇಳಬಲ್ಲರು. ತೊಂದರೆಗೊಳಗಾದ ಮಹಿಳೆ 181ಕ್ಕೆ ಕರೆ ಮಾಡಬಹುದು, ಇಲ್ಲವೇ ಜಿಲ್ಲೆಯ ಸಖಿ ಕೇಂದ್ರಕ್ಕೆ ನೇರವಾಗಿ ಹೋಗಬಹುದು. ವೈದ್ಯಕೀಯ ನೆರವು, ಪೊಲೀಸ್ ದೂರು, ಕಾನೂನು ಸಲಹೆ, ಆಪ್ತ ಸಮಾಲೋಚನೆ, ಕೆಲವು ದಿನಗಳ ತಂಗುವಿಕೆ ಎಲ್ಲವನ್ನೂ ಒಂದೇ ಸೂರಿನಡಿ ಒದಗಿಸಲು ಈ ಕೇಂದ್ರಗಳಿವೆ. ಸಂರಕ್ಷಣಾಧಿಕಾರಿ ಬರೆಯುವ ಕೌಟುಂಬಿಕ ಘಟನಾ ವರದಿಯ ಪ್ರತಿಯನ್ನು ಉಚಿತವಾಗಿ ಪಡೆಯುವ ಹಕ್ಕು ಆಕೆಗಿದೆ. ಮ್ಯಾಜಿಸ್ಟ್ರೇಟರ ಮುಂದೆ ಅರ್ಜಿ ಸಲ್ಲಿಕೆಯಾದರೆ ಮೊದಲ ವಿಚಾರಣೆ ಸಾಮಾನ್ಯವಾಗಿ ಮೂರು ದಿನಗಳೊಳಗೆ ನಡೆಯಬೇಕೆಂದು ಕಾಯ್ದೆ ಹೇಳುತ್ತದೆ. ಮನೆ ಗಂಡನ ಹೆಸರಿನಲ್ಲಿದೆ ಎಂಬ ಕಾರಣಕ್ಕೆ ಆಕೆಯನ್ನು ಹೊರಹಾಕುವಂತಿಲ್ಲ.

ಮಕ್ಕಳನ್ನು ದುಡಿಮೆಗೆ ಹಚ್ಚಿರುವುದೋ ಹಿಂಸಿಸುವುದೋ ಕಂಡರೆ 1098ಕ್ಕೆ ತಿಳಿಸಿ. ರಕ್ಷಿಸಿದ ಮಗುವನ್ನು 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕು.

ಹಿರಿಯರ ವಿಷಯ ಇನ್ನೂ ಸೂಕ್ಷ್ಮ. ತಮ್ಮ ಆದಾಯದಲ್ಲಿ ಬದುಕು ಸಾಗಿಸಲಾಗದ ತಂದೆ ತಾಯಿಗಳು 2007ರ ಪಾಲನೆ ಪೋಷಣೆ ಕಾಯ್ದೆಯಡಿ ಉಪವಿಭಾಗಾಧಿಕಾರಿಯವರ ನ್ಯಾಯಮಂಡಳಿಗೆ ಅರ್ಜಿ ಕೊಟ್ಟು ಮಕ್ಕಳಿಂದ ತಿಂಗಳಿಗೆ 10,000 ರೂಪಾಯಿವರೆಗೆ ಜೀವನಾಂಶ ಪಡೆಯಬಹುದು; 60 ದಾಟಿದ, ಮಕ್ಕಳಿಲ್ಲದವರು ತಮ್ಮ ಆಸ್ತಿಗೆ ವಾರಸುದಾರರಾಗುವ ಸಂಬಂಧಿಕರಿಂದ ಕೇಳಬಹುದು. ನೋಟಿಸು ತಲುಪಿದ 90 ದಿನಗಳಲ್ಲಿ ತೀರ್ಮಾನವಾಗಬೇಕೆಂಬುದು ನಿಯಮ. ಆದರೆ ಈ ಕಾಯ್ದೆಯ 23ನೆಯ ಪ್ರಕರಣವನ್ನು ದಾನಪತ್ರ ಬರೆಯುವ ಮೊದಲೇ ಓದಬೇಕು, ಬರೆದ ಮೇಲಲ್ಲ. ನನ್ನನ್ನು ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ಕೊಟ್ಟ ಆಸ್ತಿಯನ್ನು ಆ ಷರತ್ತು ಮುರಿದಾಗ ಅನೂರ್ಜಿತಗೊಳಿಸುವ ಅವಕಾಶ ಅಲ್ಲಿದೆ. ‘ಪ್ರೀತಿ ವಿಶ್ವಾಸದಿಂದ ಕೊಟ್ಟಿದ್ದೇನೆ’ ಎಂದಷ್ಟೇ ಬರೆದ ಪತ್ರದ ಆಧಾರದಲ್ಲಿ ಅದನ್ನು ಸಾಧಿಸುವುದು ಕಷ್ಟ. ಊಟ, ವಸತಿ, ಔಷಧೋಪಚಾರದ ಹೊಣೆಯನ್ನು ಸ್ಪಷ್ಟ ಪದಗಳಲ್ಲಿ ಬರೆಸಿ ಎಂದು ಹೇಳಲು ಮಕ್ಕಳ ಮುಂದೆ ಸಂಕೋಚವಾಗುತ್ತದೆ. ಆ ಸಂಕೋಚವನ್ನು ಉಪನೋಂದಣಾಧಿಕಾರಿ ಕಚೇರಿಯ ಹೊರಗೇ ಬಿಟ್ಟು ಒಳಗೆ ಹೋಗುವುದು ಒಳ್ಳೆಯದು.

ಸೂರಿಲ್ಲದವರು, ಓದಲು ಜಾಗವಿಲ್ಲದವರು

ಬೀದಿಯಲ್ಲಿ ಮಲಗುವವರಿಗಾಗಿ ನಗರಗಳಲ್ಲಿ ಪ್ರತಿ ಒಂದು ಲಕ್ಷ ಜನಸಂಖ್ಯೆಗೆ ಕನಿಷ್ಠ 100 ಮಂದಿ ತಂಗುವಷ್ಟು ಆಶ್ರಯ ಕೇಂದ್ರಗಳಿರಬೇಕು, ಅವು ವರ್ಷಪೂರ್ತಿ ತೆರೆದಿರಬೇಕು. ಮಳೆಗಾಲದ ರಾತ್ರಿ ಯಾರನ್ನಾದರೂ ಅಲ್ಲಿಗೆ ತಲುಪಿಸಬೇಕಾದರೆ ಪಾಲಿಕೆಯ ನಿಯಂತ್ರಣ ಕೊಠಡಿಗೆ ಕರೆ ಮಾಡಿ ವಿಳಾಸ ಕೇಳಬೇಕು. ಇಂದಿರಾ ಕ್ಯಾಂಟೀನುಗಳನ್ನು ಇಲ್ಲಿ ಪರಿಚಯಿಸುವ ಅಗತ್ಯವಿಲ್ಲ.

ಗ್ರಂಥಾಲಯದ ಮಾತು ಬೇರೆ. ನಿಮ್ಮ ಆಸ್ತಿ ತೆರಿಗೆಯ ರಸೀದಿಯನ್ನು ಮತ್ತೊಮ್ಮೆ ತೆಗೆದು ನೋಡಿದರೆ ಅದರಲ್ಲಿ ಗ್ರಂಥಾಲಯ ಕರ ಎಂಬ ಸಾಲು ಕಾಣಿಸುತ್ತದೆ. 1965ರ ಸಾರ್ವಜನಿಕ ಗ್ರಂಥಾಲಯಗಳ ಅಧಿನಿಯಮದಂತೆ ತೆರಿಗೆಯ ಮೇಲೆ ಶೇಕಡಾ 6ರಷ್ಟನ್ನು ನೀವು ವರ್ಷವರ್ಷವೂ ಕಟ್ಟುತ್ತಿದ್ದೀರಿ. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಹುಡುಗರು ತಿಂಗಳಿಗೆ ಸಾವಿರಾರು ರೂಪಾಯಿ ಕೊಟ್ಟು ಖಾಸಗಿ ಓದುಕೋಣೆಗಳಲ್ಲಿ ಕುರ್ಚಿ ಹಿಡಿಯುವ ಮೊದಲು ತಮ್ಮ ಬಡಾವಣೆಯ ಶಾಖೆಯನ್ನೊಮ್ಮೆ ನೋಡಬೇಕು. ಅಲ್ಲಿ ಬೇಕಾದ ಪುಸ್ತಕ ಇಲ್ಲದಿದ್ದರೆ ಗ್ರಂಥಪಾಲಕರಿಗೆ ಬರಹದಲ್ಲಿಯೇ ಕೋರಿಕೆ ಕೊಡಬೇಕು.

ಉತ್ತರವೇ ಬಾರದಿದ್ದರೆ

ಅರ್ಜಿ ಕೊಟ್ಟಾಗಿದೆ, ಸ್ವೀಕೃತಿಯಿದೆ, ಕೆಲಸವಾಗಿಲ್ಲ. ಇಂಥ ಸ್ಥಿತಿಗೆ 2005ರ ಮಾಹಿತಿ ಹಕ್ಕು ಕಾಯ್ದೆ ಇದೆ. ಶುಲ್ಕ 10 ರೂಪಾಯಿ, ಬಿಪಿಎಲ್ ಕುಟುಂಬದವರಿಗೆ ಅದೂ ಇಲ್ಲ. ಕರ್ನಾಟಕದ ನಿಯಮದಂತೆ ಅರ್ಜಿ ಒಂದೇ ವಿಷಯಕ್ಕೆ ಸೀಮಿತವಾಗಿದ್ದು 150 ಪದಗಳೊಳಗಿರಬೇಕು. ‘ನನ್ನ ಅರ್ಜಿಯನ್ನು ಏಕೆ ಮಾಡಿಲ್ಲ’ ಎಂದು ಜಗಳದ ಧಾಟಿಯಲ್ಲಿ ಕೇಳಿದರೆ ಅದು ಮಾಹಿತಿಯಲ್ಲವೆಂದು ಹಿಂದಕ್ಕೆ ಬರುವ ಸಾಧ್ಯತೆಯಿದೆ. ‘ಇಂಥ ದಿನಾಂಕದ, ಇಂಥ ಸಂಖ್ಯೆಯ ನನ್ನ ಅರ್ಜಿಯ ಮೇಲೆ ಈವರೆಗೆ ಕೈಗೊಂಡ ಕ್ರಮದ ಕಡತದ ಟಿಪ್ಪಣಿ ಹಾಳೆಗಳ ದೃಢೀಕೃತ ಪ್ರತಿಗಳನ್ನು, ಕಡತ ಈಗ ಯಾರ ಬಳಿಯಿದೆ ಎಂಬ ವಿವರವನ್ನು ಒದಗಿಸಿ’ ಎಂದು ಕೇಳಿದರೆ 30 ದಿನಗಳಲ್ಲಿ ಉತ್ತರ ಕೊಡಲೇಬೇಕು. ಕೊಡದಿದ್ದರೆ ಮುಂದಿನ 30 ದಿನಗಳೊಳಗೆ ಅದೇ ಕಚೇರಿಯ ಮೇಲಧಿಕಾರಿಗೆ ಮೊದಲ ಮೇಲ್ಮನವಿ, ಆಮೇಲೂ ಆಗದಿದ್ದರೆ 90 ದಿನಗಳೊಳಗೆ ರಾಜ್ಯ ಮಾಹಿತಿ ಆಯೋಗಕ್ಕೆ ಎರಡನೆಯದು. ಈ ಎರಡರಲ್ಲಿಯೂ ಮೊದಲು ಲಗತ್ತಿಸಬೇಕಾದದ್ದು ಆರಂಭದ ಅರ್ಜಿಯ ಪ್ರತಿ ಮತ್ತು ಅದರ ಸ್ವೀಕೃತಿ.